ನಗರಸಭೆ ಎದುರಿನ ಝೆರಾಕ್ಸ್ ಅಂಗಡಿ: ಕೆಲಸ ಫಾಸ್ಟು, ಆದ್ರೆ ಒಳಗಿನ ಆ ಮೊಳೆ ಕಥೆನೂ ಕೇಳಿ

ನಾಲ್ಕು ಸ್ಟಾರ್ ಕೊಟ್ಟಿದೀನಿ. ಅಂಗಡಿ ಹೆಸರು ಬರೆಯಲ್ಲ, ಊರಿನ ಹೆಸರೂ ಬರೆಯಲ್ಲ, ನಮ್ಮೂರವರಿಗೆ ಎರಡು ಸಾಲು ಓದೋಷ್ಟರಲ್ಲಿ ಗೊತ್ತಾಗತ್ತೆ, ಬೇರೆ ಊರವರಿಗೆ ಗೊತ್ತಾಗಿ ಆಗ್ಬೇಕಾದ್ದೇನಿಲ್ಲ, ನಿಮ್ಮೂರ ನಗರಸಭೆ ಎದುರಿಗೂ ಇಂಥದ್ದೊಂದು ಇದ್ದೇ ಇರತ್ತೆ. ಮುಂದೆ ಎರಡು ಝೆರಾಕ್ಸ್ ಮಿಷಿನ್ನು, ಹಿಂದೆ ಪ್ಲೈವುಡ್ ಅಡ್ಡ, ಅದರಾಚೆ ಮೂರು ಕಂಪ್ಯೂಟರು, ಬೋರ್ಡಲ್ಲಿ ಪಹಣಿ, ಇ-ಖಾತಾ, ಪ್ಯಾನ್, ಆಧಾರ್ ಲಿಂಕ್, ಕೊನೇ ಸಾಲಲ್ಲಿ ಸಣ್ಣ ಅಕ್ಷರದಲ್ಲಿ ‘ಟೆಂಡರ್ ಅಪ್‌ಲೋಡ್ ಮಾಡಿಕೊಡಲಾಗುವುದು’.

ನಾನು ಹೋಗಿದ್ದು ಆರ್‌ಟಿಐ ಕೆಲಸಕ್ಕೆ. ನಮ್ಮ ಬೀದಿ ಚರಂಡಿ ಕಟ್ಟಿ ಒಂದೂವರೆ ವರ್ಷ ಆಗಿರ್ಲಿಲ್ಲ, ಗೋಡೆ ಬಾಯ್ಬಿಟ್ಕೊಂಡು ನಿಂತಿತ್ತು, ಕೇಳೋಕೋದ್ರೆ ಜೆಇ (ಜೂನಿಯರ್ ಇಂಜಿನಿಯರ್) ಸೈಟಲ್ಲಿದಾರೆ, ಸೈಟಿಗೆ ಹೋದ್ರೆ ಆಫೀಸಲ್ಲಿದಾರೆ. ಸಿಟ್ಟಲ್ಲಿ ಎರಡು ಪುಟ ಪುರಾಣ ಬರ್ಕೊಂಡು ಹೋಗಿದ್ದೆ. ಇಲ್ಲಿ ಕಂಪ್ಯೂಟರಲ್ಲಿ ಕೂರೋ ಹುಡುಗ ಅದನ್ನ ಓದಿ ನಕ್ಕ. ‘ಅಣ್ಣ, ನಮ್ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ 150 ಪದದೊಳಗೆ ಇರ್ಬೇಕು, ಇಲ್ಲಾಂದ್ರೆ ಅದೇ ನೆಪ ಹೇಳಿ ವಾಪಸ್ ಕಳಿಸ್ತಾರೆ. ಯಾಕೆ, ಹೆಂಗೆ ಅಂತ ಕೇಳ್ಬೇಡಿ, ದಾಖಲೆ ಕೇಳಿ’ ಅಂದು ಆರು ಸಾಲಿಗೆ ಇಳಿಸ್ಬಿಟ್ಟ: ಎಸ್ಟಿಮೇಟು, ಟೆಂಡರಲ್ಲಿ ಯಾರ್ಯಾರು ಎಷ್ಟು ರೇಟ್ ಹಾಕಿದ್ರು ಅನ್ನೋ ಕಂಪ್ಯಾರಿಟಿವ್ ಸ್ಟೇಟ್‌ಮೆಂಟು, ವರ್ಕ್ ಆರ್ಡರು, ಎಂ.ಬಿ. (ಕೆಲಸದ ಅಳತೆ ಬರೆಯೋ) ಪುಸ್ತಕದ ನಕಲು, ಫೈನಲ್ ಬಿಲ್ಲು, ಫೋಟೋ. 10 ರೂಪಾಯಿ ಪೋಸ್ಟಲ್ ಆರ್ಡರೂ ಅವನ ಹತ್ರನೇ ಇತ್ತು. ಟೈಪಿಂಗಿಗೆ 60 ರೂಪಾಯಿ. ಲಾಯರ್ ಹತ್ರ ಹೋಗಿದ್ರೆ ಎಷ್ಟಾಗ್ತಿತ್ತೋ ಲೆಕ್ಕ ಹಾಕ್ಕೊಳಿ.

30 ದಿನ ಕಳೀತು, ಏನೂ ಬರ್ಲಿಲ್ಲ. ಮೊದಲ ಮೇಲ್ಮನವಿನೂ ಇವ್ನೇ ಮಾಡ್ಕೊಟ್ಟ. ಆಮೇಲೆ ಬಂತು ನೋಡಿ, 214 ಪುಟ, ಪುಟಕ್ಕೆ 2 ರೂಪಾಯಿ ಲೆಕ್ಕದಲ್ಲಿ 428 ಕಟ್ಟಿ ತಗೊಂಡು ಸೀದಾ ಇದೇ ಅಂಗಡಿಗೆ ಬಂದು ಸ್ಕ್ಯಾನಿಗೆ ಕೊಟ್ಟೆ. ಸ್ಕ್ಯಾನ್ ಕ್ವಾಲಿಟಿ ಸೂಪರ್, ಪಿಡಿಎಫ್ ಒಂದೇ ಫೈಲಲ್ಲಿ, ಪುಟ ಹಿಂದೆ ಮುಂದೆ ಆಗಿಲ್ಲ. ಸ್ಟಾರ್ ಕೊಟ್ಟಿದ್ದು ಇದಕ್ಕೇ.

ಸ್ಕ್ಯಾನ್ ಆಗೋವರೆಗೂ ಒಳಗೆ ಸ್ಟೂಲ್ ಮೇಲೆ ಕೂತಿದ್ದೆ. ಆವಾಗ್ಲೇ ಆ ಮೊಳೆ ಕಣ್ಣಿಗೆ ಬಿದ್ದಿದ್ದು. ಗೋಡೆ ಮೇಲೆ ಉದ್ದದ್ದೊಂದು ಮೊಳೆ, ಅದಕ್ಕೆ ಬೀಗದ ಕೈ ಗೊಂಚಲ ಥರ ನೇತಾಡ್ತಿರೋ ಪೆನ್‌ಡ್ರೈವ್‌ಗಳು, ಒಂದೊಂದಕ್ಕೂ ಬಿಳಿ ಟೇಪ್ ಸುತ್ತಿ ಮೇಲೆ ಇನಿಷಿಯಲ್ಲು. ಪೆನ್‌ಡ್ರೈವ್ ಅಲ್ಲ ಅವು, ಡಿಎಸ್‌ಸಿ ಟೋಕನ್ನು, ಅಂದ್ರೆ ಗುತ್ತಿಗೆದಾರನ ಡಿಜಿಟಲ್ ಸಹಿ. ಅದನ್ನ ಚುಚ್ಚಿ ಪಾಸ್‌ವರ್ಡ್ ಹೊಡೆದ್ರೆ ಅವನೇ ಖುದ್ದು ಕೂತು ಸೈನ್ ಹಾಕ್ದಂಗೆ. ಚೆಕ್‌ಬುಕ್ಕಿಗೆಲ್ಲಾ ಸೈನ್ ಮಾಡಿ ಬೇರೆಯವರ ಮನೇಲಿ ಬಿಟ್ಟು ಬಂದಂಗೆ ಇದು. ಹುಡುಗ ಒಂದು ಟೋಕನ್ ಚುಚ್ಚಿದ, ಏನೋ ಅಪ್‌ಲೋಡ್ ಮಾಡ್ದ, ತೆಗೆದ, ಮೊಳೆಗೆ ಹಾಕ್ದ, ಇನ್ನೊಂದು ತಗೊಂಡ. ಅದೇ ಕುರ್ಚಿ, ಅದೇ ಕಂಪ್ಯೂಟರು, ಅದೇ ಟೆಂಡರ್ ನಂಬರು. ಫೋನು ಸ್ಪೀಕರಲ್ಲಿತ್ತು, ಆ ಕಡೆಯಿಂದ ಯಾರೋ ಯಜಮಾನ್ರು ಹೇಳ್ತಿದಾರೆ, ‘ನಮ್ದು ನಾಕು ಪರ್ಸೆಂಟ್ ಅಬವ್ ಹಾಕಪ್ಪ, ಅವರಿಬ್ಬರದ್ದು ಏಳು, ಒಂಬತ್ತು ಹಾಕ್ಬಿಡು.’ ಅಬವ್ ಅಂದ್ರೆ ಎಸ್ಟಿಮೇಟಿಗಿಂತ ಜಾಸ್ತಿ, ಬಿಲೋ ಅಂದ್ರೆ ಕಮ್ಮಿ. ಮೂರು ಕಂಪನಿ ಪೈಪೋಟಿ ಮೂರಡಿ ಟೇಬಲ್ ಮೇಲೆ ಮುಗೀತು, ಮಧ್ಯದಲ್ಲಿ ನನಗೂ ಒಂದು ಅರ್ಧ ಟೀ ಬಂತು.

ಮನೆಗೆ ಹೋಗಿ ನನ್ನ 214 ಪುಟ ತಿರುಗಿಸಿದ್ರೆ ಎದೆ ಧಸಕ್ ಅಂತು. ಚರಂಡಿಗೆ ಬಿಡ್ ಹಾಕಿರೋರು ಮೂರು ಜನ, ಒಬ್ರು 4.86 ಅಬವ್, ಇನ್ನೊಬ್ರು 7 ಚಿಲ್ಲರೆ, ಮೂರನೇವ್ರು 9 ಚಿಲ್ಲರೆ, ಸಲ್ಲಿಸಿರೋ ಟೈಮು ಸಂಜೆ 4.12, 4.19, 4.31. ಮೂವರ ಕವರಿಂಗ್ ಲೆಟರಲ್ಲೂ ‘ಅನುಭವ’ ಅನ್ನೋ ಪದ ‘ಅನುಬವ’ ಆಗಿದೆ! ಸೋತಿರೋ ಇಬ್ಬರ ಅಫಿಡವಿಟ್ಟಿಗೆ ಒಂದೇ ನೋಟರಿ, ಒಂದೇ ದಿನ. ಇದನ್ನ ಕಂಡುಹಿಡಿಯೋಕೆ ಐಪಿಎಸ್ ಓದ್ಬೇಕಾ? ಆದ್ರೂ ಟೆಂಡರ್ ಸ್ಕ್ರೂಟಿನಿ ಮಾಡ್ದೋರ ಸಹಿ ಕೆಳಗೆ ಚೆನ್ನಾಗೇ ಇದೆ, ‘ಸ್ಪರ್ಧಾತ್ಮಕವಾಗಿದೆ’ ಅಂತ ಷರಾ ಬೇರೆ.

ಇಲ್ಲೊಂದು ಮಾತು. ನಮ್ಮಲ್ಲಿ ಲಂಚದ ತನಿಖೆ ಅಂದ್ರೆ ಎಲ್ರ ಕಣ್ಮುಂದೆ ಬರೋದು ಲೋಕಾಯುಕ್ತ ಟ್ರ್ಯಾಪು, ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿ ಕೊಡೋದು, ಮುಟ್ಟಿದ ಕೈನ ಸೋಡಾ ನೀರಲ್ಲಿ ಅದ್ದಿದ್ರೆ ಗುಲಾಬಿ ಬಣ್ಣ, ಟಿವೀಲಿ ಮಾರನೇ ದಿನ ಮುಖ ಮುಚ್ಕೊಂಡು ಹೋಗೋದು. ಅದು ಕೈ ಹಿಡಿಯೋ ಕೆಲಸ, ಸರಿ, ಬೇಕು. ಆದ್ರೆ ಟೆಂಡರ್ ಮ್ಯಾಚ್ ಫಿಕ್ಸಿಂಗಲ್ಲಿ ಯಾವ ನೋಟೂ ಕಾಣಲ್ಲ, ಮೂರು ಜನ ಕಂಟ್ರಾಕ್ಟರು ಒಳಗೊಳಗೇ ಈ ಸಲ ನಿಂದು ಮುಂದಿನ ಸಲ ನಂದು ಅಂತ ಹಂಚ್ಕೊಂಡ್ರೆ ಪುಡಿ ಯಾವ ಕೈಗೆ ಸವರ್ತೀರ? ಅಲ್ಲಿ ಸಿಗೋದು ಐಪಿ ಅಡ್ರೆಸ್ಸು (ಯಾವ ಇಂಟರ್ನೆಟ್ ಕನೆಕ್ಷನ್ನಿಂದ ಹೋಯ್ತು ಅನ್ನೋ ನಂಬರು), ಟೋಕನ್ನು, ಡಿ.ಡಿ. ನಂಬರು, ಟೈಮು. ಪುಣೆ ಮಹಾನಗರಪಾಲಿಕೆ ಕಸ ಸಂಸ್ಕರಣೆ ಘಟಕಗಳ ಟೆಂಡರಲ್ಲಿ ಇದೇ ಆಗಿದ್ದು. ಅಲ್ಲಿನ ನಾಗರಿಕರ ವೇದಿಕೆಯೊಂದು ದೂರು ಕೊಟ್ಟು, ಕಾಂಪಿಟೀಷನ್ ಕಮಿಷನ್ (ಕಂಪನಿಗಳ ಪೈಪೋಟಿ ಸರಿಯಾಗಿ ನಡೀತಿದ್ಯಾ ನೋಡೋ ಕೇಂದ್ರದ ಸಂಸ್ಥೆ) ತನಿಖೆ ಮಾಡಿ 2018ರಲ್ಲಿ ದಂಡ ಹಾಕ್ತು, ಪೈಪೋಟಿ ಮಾಡ್ಬೇಕಾದೋರೇ ಒಬ್ಬರಿಗೊಬ್ಬರು ಡಮ್ಮಿ (ಸೋಲೋಕಂತ್ಲೇ ಹಾಕೋ) ಬಿಡ್ ಹಾಕ್ಕೊಟ್ಟಿದ್ರು, ಒಂದೇ ಐಪಿ ಅಡ್ರೆಸ್ಸಿಂದ ಹೋಗಿತ್ತು ಅನ್ನೋದೂ ಸಾಕ್ಷಿಯಲ್ಲಿ ಸೇರಿತ್ತು.

ಹಳಬರು ಹೇಳ್ತಾರೆ, ಮುಂಚೆ ಟೆಂಡರ್ ಡಬ್ಬ ಇದ್ದಾಗ ಫಾರಂ ಹಾಕೋಕೆ ಬಂದೋರನ್ನ ಮೆಟ್ಟಿಲ ಹತ್ರನೇ ನಾಲ್ಕು ಜನ ನಿಂತು ವಾಪಸ್ ಕಳಿಸ್ತಿದ್ರಂತೆ. ಅದಕ್ಕೇ 1999ರಲ್ಲಿ ಪಾರದರ್ಶಕತೆ ಕಾಯ್ದೆ ಬಂತು, ಆಮೇಲೆ ಆನ್‌ಲೈನಲ್ಲೇ ಟೆಂಡರ್ ಹಾಕೋ ಇ-ಪ್ರೊಕ್ಯೂರ್‌ಮೆಂಟ್ ಬಂತು, ಡಬ್ಬ ಹೋಯ್ತು, ರೌಡಿಗಳು ಹೋದ್ರು. ಒಳ್ಳೇದೇ. ಆದ್ರೆ 2019ರಲ್ಲಿ ಆ ಪೋರ್ಟಲ್ಲಿಗೇ ಕನ್ನ ಹಾಕಿ ಗುತ್ತಿಗೆದಾರರು ಕಟ್ಟಿದ್ದ ಠೇವಣಿ ದುಡ್ಡಲ್ಲಿ 11.5 ಕೋಟಿ ಎಗರಿಸಿದ್ರು, ಸಿಐಡಿ ಕೇಸಾಯ್ತು. ಅದು ಹೊರಗಿನ ಕಳ್ಳತನ. ಒಳಗಿಂದು ಬೇರೆ, 2011ರಲ್ಲಿ ಬಿಬಿಎಂಪಿ ಮಲ್ಲೇಶ್ವರಂ, ಗಾಂಧಿನಗರ, ರಾಜರಾಜೇಶ್ವರಿನಗರ ವಿಭಾಗಗಳ ಬಿಲ್ಲುಗಳಲ್ಲಿ 1,539 ಕೋಟಿ ಅಕ್ರಮ ಅಂತ ಪಾಲಿಕೆಯದೇ ತಾಂತ್ರಿಕ ಜಾಗೃತ ದಳ ಟಿವಿಸಿಸಿನೇ ಹೇಳಿ, ಅದೂ ಸಿಐಡಿಗೇ ಹೋಯ್ತು. 2021ರಲ್ಲಿ ಗುತ್ತಿಗೆದಾರರ ಸಂಘದೋರು 40 ಪರ್ಸೆಂಟ್ ಕಮಿಷನ್ ಕೇಳ್ತಾರೆ ಅಂತ ಪ್ರಧಾನಿಗೇ ಕಾಗದ ಬರೆದ್ರು. ಆ ಸುದ್ದಿ ಬಂದಾಗ ನಾವೆಲ್ಲಾ ಪಾಪ ಕಂಟ್ರಾಕ್ಟರ್‌ಗಳು ಅಂದ್ಕೊಂಡ್ವಿ, ಪಾಪದೋರು ಇದಾರೆ, ಇಲ್ಲ ಅನ್ನಲ್ಲ, ಆದ್ರೆ ಆ 40ನ ಎಲ್ಲಿಂದ ತಂದು ಕೊಡ್ತಾರೆ ಅಂತ ಈ ಮೊಳೆ ನೋಡೋವರೆಗೂ ನನಗೆ ಹೊಳೆದಿರ್ಲಿಲ್ಲ. ಅಬವ್ ರೇಟ್ ಹಾಕ್ಬೇಕು ಅಂದ್ರೆ ಬಿಲೋ ಹಾಕೋರು ಯಾರೂ ಬರಬಾರದಲ್ವಾ.

ನಾನು ಎರಡು ಕಡೆ ದೂರು ಕೊಟ್ಟೆ, ನನ್ನಂಗೇ ಇನ್ನೂ ಯಾರ್ಯಾರು ಕೊಟ್ಟಿದ್ರೋ. ಒಂದಿನ ಬೆಳಗ್ಗೆ ಪೊಲೀಸ್ನೋರು ಬಂದು ಎರಡು ಸಿಪಿಯು, ರೌಟರು, ಆ ಗೊಂಚಲು ಎಲ್ಲಾ ಕವರಿಗೆ ಹಾಕಿ ಸೀಲ್ ಮಾಡಿ ತಗೊಂಡು ಹೋದ್ರು. ಪಕ್ಕದ ಟೀ ಅಂಗಡಿ ಯಜಮಾನ್ರು ಪಂಚರಾಗಿ ಮಹಜರಿಗೆ ಸೈನ್ ಹಾಕಿದ್ರು, ಆವತ್ತಿಂದ ಅವರಿಗೆ ನಿದ್ದೆ ಇಲ್ವಂತೆ, ಕೋರ್ಟಿಗೆ ಎಷ್ಟು ಸಲ ಕರೀತಾರೋ ಅಂತ. ಹುಡುಗನ್ನ ಎರಡು ದಿನ ಕೂರಿಸ್ಕೊಂಡು ಕೇಳಿದ್ರಂತೆ. ನನಗೆ ನಿಜವಾಗ್ಲೂ ಬೇಜಾರಾಗಿದ್ದು ಅಲ್ಲೇ. ಒಂದು ಟೆಂಡರ್ ಅಪ್‌ಲೋಡಿಗೆ 500 ಇಸ್ಕೊಳೋನು ಅವನು, ಲಕ್ಷಗಟ್ಟಲೆ ತಿಂದೋರು ಮೊಳೆ ಮೇಲೆ ಸಹಿ ನೇತಾಕಿ ಮನೇಲಿ ಮಲಗಿದ್ರು. ನನ್ನ ಮೇಲ್ಮನವಿ ಬರ್ಕೊಟ್ಟೋನೂ ಅವನೇ, ಅವರ ಬಿಡ್ ಹಾಕ್ಕೊಟ್ಟೋನೂ ಅವನೇ, ಇಬ್ಬರ ಹತ್ರನೂ ರೇಟ್ ಕಾರ್ಡಲ್ಲಿರೋ ಅಷ್ಟೇ ತಗೊಂಡಿದಾನೆ. ಮೊನ್ನೆ ಕೇಳ್ದೆ, ನನ್ ಮೇಲೆ ಸಿಟ್ಟಿದೆಯೇನೋ ಅಂತ. ‘ಬಿಡಿ ಅಣ್ಣ, ನಿಮ್ ಅರ್ಜಿ ನಾನೇ ಅಲ್ವಾ ಟೈಪ್ ಮಾಡಿದ್ದು’ ಅಂದ.

ಒಂದು ಸ್ಟಾರ್ ಕಟ್ ಮಾಡಿರೋದು ಅವನಿಗಲ್ಲ, ಓನರಿಗೆ. ಟೋಕನ್ ಇಟ್ಕೊಳಲ್ಲ ಅಂತ ಬೋರ್ಡ್ ಹಾಕೋಕೆ ಒಂದು ಎ4 ಹಾಳೆ ಸಾಕಿತ್ತು.

ಈಗ ಅಂಗಡಿ ಮತ್ತೆ ತೆಗೆದಿದೆ, ಹೊಸ ಕಂಪ್ಯೂಟರು, ಪಹಣಿ, ಇ-ಖಾತಾ ಎಲ್ಲಾ ಮಾಡ್ಕೊಡ್ತಾರೆ, ಟೆಂಡರ್ ಸಾಲಿನ ಮೇಲೆ ಬಿಳಿ ಪೇಂಟ್ ಬಳಿದಿದಾರೆ. ಆರ್‌ಟಿಐ ಬರೆಸೋರು ಹನ್ನೊಂದು ಗಂಟೆ ಒಳಗೆ ಹೋಗಿ, ಆಮೇಲೆ ರಶ್. ಕಲರ್ ಪ್ರಿಂಟ್ ದುಬಾರಿ, ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ, ಗುಳ್ಳೆ ಬರತ್ತೆ. ಯುಪಿಐ ಇದೆ. ಗಾಡಿನ ನಗರಸಭೆ ಕಾಂಪೌಂಡ್ ಪಕ್ಕ ನಿಲ್ಲಿಸೋಕೆ ಹೋಗ್ಬೇಡಿ, ಅಲ್ಲಿ ಚರಂಡಿ ಮೇಲಿನ ಚಪ್ಪಡಿ ಒಡೆದು ತೂತಾಗಿದೆ, ಹೋದ ವಾರ ಒಂದು ಆಕ್ಟಿವಾ ಮುಂದಿನ ಚಕ್ರ ಪೂರ್ತಿ ಒಳಗೋಯ್ತು. ನನ್ನ 214 ಪುಟದಲ್ಲಿ 131ನೇ ಪುಟದ ಪ್ರಕಾರ ಆ ಚಪ್ಪಡಿ ಬದಲಾಯಿಸಿ ಆಗಿದೆ.