ಬಿ.ಪಿ. ಯಂತ್ರದ ನಿಖರತೆ: ಮೂರು ಪರೀಕ್ಷೆಗಳ ಹೋಲಿಕೆ

ಮನೆಯ ಬಿ.ಪಿ. ಯಂತ್ರ ತೋರಿಸುವ ಅಂಕಿಯನ್ನು ನಂಬಬಹುದೇ ಎಂದು ತಿಳಿಯಲು ರೂಢಿಯಲ್ಲಿರುವ ಮೂರು ವಿಧಾನಗಳನ್ನು, ತೋಳಿಗೆ ಕಟ್ಟುವ ಒಂದು ಡಿಜಿಟಲ್ ಯಂತ್ರ ಮತ್ತು ಒಂದು ಹಳೆಯ ಡಯಲ್ ಉಪಕರಣದ ಮೇಲೆ ಪ್ರಯೋಗಿಸಿ ನೋಡಿದೆ. ಮೂರರಲ್ಲೂ ಆಧಾರವಾಗಿದ್ದುದು ಪರಿಚಯದ ವೈದ್ಯರ ಬಳಿಯಿದ್ದ ಪಾದರಸದ ಉಪಕರಣ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ 2013ರ ಮಿನಮಾಟ ಒಪ್ಪಂದದ ನಂತರ ಪಾದರಸ ಬಳಕೆಯಿಂದ ಸರಿಯುತ್ತಿದೆಯಾದರೂ, ಅದರ ಕಂಬದ ಎತ್ತರವೇ ಒತ್ತಡದ ಅಳತೆಯಾದ್ದರಿಂದ, ಗಾಳಿಯಿಲ್ಲದಾಗ ಮಟ್ಟ ಸೊನ್ನೆಯಲ್ಲಿ ನಿಂತು ಕೊಳವೆ ಶುಭ್ರವಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಒಂದೊಂದು ತೋಳಿಗೆ ಒಂದೊಂದು ಉಪಕರಣ ಕಟ್ಟಿ ಏಕಕಾಲಕ್ಕೆ ಅಳೆಯುವುದು ಮೊದಲ ವಿಧಾನ. ಎರಡು ತೋಳುಗಳ ಒತ್ತಡವೇ ಕೆಲವರಲ್ಲಿ 10 ಮಿ.ಮೀ.ವರೆಗೆ ಭಿನ್ನವಾಗಿರುವುದರಿಂದ, ಕಂಡ ವ್ಯತ್ಯಾಸ ಯಂತ್ರದ್ದೋ ತೋಳಿನದೋ ಎಂಬುದು ತೀರ್ಮಾನವಾಗುವುದಿಲ್ಲ, ಇದನ್ನು ಬಿಟ್ಟುಬಿಡಬಹುದು.

ಎರಡನೆಯದು, ಒಂದೇ ತೋಳಿನಲ್ಲಿ ಸರದಿಯಂತೆ ಅಳೆಯುವುದು. ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ, 5 ನಿಮಿಷ ಮಾತಿಲ್ಲದೆ ಕುಳಿತ ಮೇಲೆ ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಒಮ್ಮೆ, ಯಂತ್ರ ಒಮ್ಮೆ, ಹೀಗೆ ಒಂದೊಂದು ನಿಮಿಷ ಬಿಟ್ಟು ಅಳೆಯಬೇಕು. ಮೊದಲ ಅಂಕಿ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯದೆ, ಯಂತ್ರದ ಪ್ರತಿ ಅಂಕಿಯನ್ನೂ ಅದರ ಹಿಂದಿನ ಮತ್ತು ಮುಂದಿನ ಪಾದರಸದ ಅಂಕಿಗಳ ಸರಾಸರಿಯೊಂದಿಗೆ ಹೋಲಿಸಬೇಕು. ವ್ಯತ್ಯಾಸ 5ರೊಳಗಿದ್ದರೆ ಯಂತ್ರವನ್ನು ಇಟ್ಟುಕೊಳ್ಳಬಹುದು. ಪದೇ ಪದೇ 10 ಮೀರಿದರೆ ಬದಲಿಸುವುದೇ ಲೇಸು. ಇಲ್ಲಿ ವೈದ್ಯರ ಅಭ್ಯಾಸವೂ ಪರೀಕ್ಷೆಗೊಳಗಾಗುತ್ತದೆ: 120, 130 ಎಂದು ದುಂಡಗೆ ಹೇಳದೆ, ಗಾಳಿಯನ್ನು ಸೆಕೆಂಡಿಗೆ 2-3 ಮಿ.ಮೀ.ನಂತೆ ಇಳಿಸುತ್ತ, ಎರಡೆರಡರ ಗೆರೆಗಳನ್ನು ಓದಿ ಹೇಳುವಂತೆ ಮೊದಲೇ ಕೇಳಿಕೊಳ್ಳಬೇಕು. ನಮ್ಮ ಡಿಜಿಟಲ್ ಯಂತ್ರ ಇದರಲ್ಲಿ ಉತ್ತೀರ್ಣವಾಯಿತು.

ಮೂರನೆಯ ವಿಧಾನದಲ್ಲಿ ಮನುಷ್ಯರ ತೋಳೇ ಬೇಕಿಲ್ಲ. ಕಫ್ಫನ್ನು, ಅಂದರೆ ತೋಳಿಗೆ ಸುತ್ತುವ ಗಾಳಿ ತುಂಬುವ ಪಟ್ಟಿಯನ್ನು, ಗಟ್ಟಿಯಾದ ಬಾಟಲಿಗೆ ಸುತ್ತಿ, ಟಿ ಆಕಾರದ ಸಣ್ಣ ಕೊಳವೆಯ ಮೂಲಕ ಪಾದರಸಕ್ಕೂ ಡಯಲ್‌ಗೂ ಒಂದೇ ಗಾಳಿ ಹೋಗುವಂತೆ ಜೋಡಿಸಿ, 50, 100, 150, 200ರಲ್ಲಿ ನಿಲ್ಲಿಸಿ ಎರಡನ್ನೂ ಓದಬೇಕು, 3 ಮಿ.ಮೀ. ಒಳಗಿನ ವ್ಯತ್ಯಾಸಕ್ಕೆ ಮಾತ್ರ ಮಾನ್ಯತೆಯಿದೆ. ನಮ್ಮ ಡಯಲ್‌ನ ಮುಳ್ಳು ಸೊನ್ನೆಯಲ್ಲಿ ನೆಟ್ಟಗೆ ನಿಂತಿದ್ದರೂ, ಒತ್ತಡ ಏರಿದಂತೆಲ್ಲ ಹಿಂದೆ ಬೀಳುತ್ತ ಹೋಗಿ, 200ರ ಬಳಿ ಅಂತರ ಆ ಮಿತಿಯನ್ನು ಸ್ಪಷ್ಟವಾಗಿ ದಾಟಿತ್ತು. ಕೈತಪ್ಪಿ ಬಿದ್ದರೆ ಒಳಗಿನ ಲೋಹದ ಪೊರೆಯೂ ಸನ್ನೆಕೋಲುಗಳೂ ಜಾರುವ ಈ ಬಗೆಯ ಉಪಕರಣಕ್ಕೆ ಆರು ತಿಂಗಳಿಗೊಮ್ಮೆ ಇಂಥ ಪರೀಕ್ಷೆ ಅಗತ್ಯ. ಗಾಳಿ ತುಂಬಿ ಹಾಗೆಯೇ ಬಿಟ್ಟರೆ ಕಫ್ಫಿನ ಸೋರಿಕೆಯೂ ತಿಳಿಯುತ್ತದೆ. ನಿಮಿಷಕ್ಕೆ 4 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು.

ಆದರೆ ಡಿಜಿಟಲ್ ಯಂತ್ರಕ್ಕೆ ಈ ವಿಧಾನ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಅದು ನಾಡಿಯ ಶಬ್ದವನ್ನು ಆಲಿಸುವುದಿಲ್ಲ. ಕಫ್ಫಿನಲ್ಲಿ ಏಳುವ ಮಿಡಿತಗಳ ಏರಿಳಿತದಿಂದ, ತಯಾರಕರ ಸೂತ್ರದಂತೆ, ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಲೆಕ್ಕ ಹಾಕುತ್ತದೆ. ಟಿ ಜೋಡಣೆ ಒತ್ತಡದ ಸಂವೇದಕ ಸರಿಯಿದೆಯೆಂದು ಹೇಳಬಲ್ಲದೇ ಹೊರತು ಲೆಕ್ಕ ಸರಿಯಿದೆಯೆಂದಲ್ಲ. ಆದ್ದರಿಂದ ಡಯಲ್‌ಗೆ ಮೂರನೆಯದು, ಡಿಜಿಟಲ್‌ಗೆ ಎರಡನೆಯದು ಎಂಬುದು ನನ್ನ ಆಯ್ಕೆ. ಹೃದಯದ ಬಡಿತ ಕ್ರಮ ತಪ್ಪಿರುವವರಲ್ಲಿ ಮಾತ್ರ ಎರಡನೆಯ ವಿಧಾನದ ಅಂಕಿಗಳೂ ಪ್ರತಿ ಸಲ ಜಿಗಿಯುತ್ತವೆ. ಹಾಗಾಗಿ ಪರೀಕ್ಷೆಗೆ ನಾಡಿ ಸಮವಾಗಿರುವ ಬೇರೊಬ್ಬರ ತೋಳನ್ನು ಬಳಸುವುದು ಒಳ್ಳೆಯದು.