ಮೂರು ಮಳೆಗಾಲ ಕಂಡ ವಾಲ್ವು ಟೇಪ್ ರೆಕಾರ್ಡರ್

ದೊಡ್ಡಪ್ಪನ ಮನೆಯ ಅಟ್ಟದಿಂದ ಇಳಿಸಿದ ಈ ಜರ್ಮನ್ ಟೇಪ್ ರೆಕಾರ್ಡರ್ ಶಿರಸಿಗೆ, ನನ್ನ ಮೇಜಿಗೆ ಬಂದು ಮೂರು ಮಳೆಗಾಲ ಕಳೆಯಿತು. 1960ರ ದಶಕದ್ದು, ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವುಗಳಿಂದ ನಡೆಯುವಂಥದ್ದು. ವೇಗ, ಟ್ರ್ಯಾಕು ಎಲ್ಲ ಇಂಥದ್ದನ್ನು ಹುಡುಕುವವರಿಗೆ ಗೊತ್ತಿರುತ್ತದೆ. ನನಗೆ ಹೇಳಬೇಕಾದ್ದು ಒಂದು ಕಂಡೆನ್ಸರ್ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ವಿಷಯ.

ಮೊದಲ ದಿನ ನೇರವಾಗಿ ಪ್ಲಗ್ಗಿಗೆ ಹಾಕಲಿಲ್ಲ. 60 ವಾಟಿನ ಹಳೇ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಯಂತ್ರಕ್ಕೆ ಹೋಗುವ ತಂತಿಯ ಮಧ್ಯೆ, ಕೊಟ್ಟೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಬಲ್ಬು ಮಂದವಾಯಿತು, ದೊಡ್ಡಪ್ಪನ ತಾಳಮದ್ದಳೆ ಟೇಪಿನ ದನಿಯೂ ಬಂತು. ಒಂದು ವಾರ ನೆಮ್ಮದಿ. ಆಮೇಲೆ ಆಷಾಢದ ಒಂದು ಸಂಜೆ ಹದಿನೈದು ನಿಮಿಷಕ್ಕೇ ಮದ್ದಳೆಯ ಪೆಟ್ಟು ಒಡೆಯತೊಡಗಿತು. ಹಿಂದಿನ ಮುಚ್ಚಳ ಬಿಚ್ಚಿದರೆ ಸ್ಪೀಕರಿಗೆ ದನಿ ಕೊಡುವ ಔಟ್‌ಪುಟ್ ವಾಲ್ವು ಇಎಲ್ 84ರ ಒಳತಗಡು ಕೆಂಪಗೆ ಕಾದಿತ್ತು.

ಆ ವಾಲ್ವಿನ ಕ್ಯಾಥೋಡಿಗೆ (ಎಲೆಕ್ಟ್ರಾನ್ ಹೊಮ್ಮುವ ತುದಿಗೆ) ಸೇರಿದ 210 ಓಮ್ ರೆಸಿಸ್ಟರ್ ಮೇಲೆ ಎಂಟೂವರೆ ವೋಲ್ಟಿನ ಆಸುಪಾಸು ಇರಬೇಕು. ಮೀಟರು 13 ತೋರಿಸಿತು. ಅಂದರೆ 40 ಮಿಲಿಆಂಪ್ ಹರಿಯಬೇಕಾದಲ್ಲಿ 60 ದಾಟಿದೆ. ಹರಿವನ್ನು ಹಿಡಿತದಲ್ಲಿಡುವ ಗ್ರಿಡ್ಡಿನಲ್ಲಿ ಸೊನ್ನೆ ಬರಬೇಕು, ಆರೂವರೆ ವೋಲ್ಟ್ ಪ್ಲಸ್ ಇತ್ತು. ಹಿಂದಿನ ವಾಲ್ವಿನ ಡಿಸಿಯನ್ನು (ಒಂದೇ ದಿಕ್ಕಿನ ವಿದ್ಯುತ್ತನ್ನು) ತಡೆಯಬೇಕಾದ 0.01 ಮೈಕ್ರೋಫ್ಯಾರಡ್ ಕಂಡೆನ್ಸರ್ ಸೋರಿ, ಅದನ್ನು ಗ್ರಿಡ್ಡಿಗೆ ಬಿಡುತ್ತಿತ್ತು. ಮೇಣ ಮೆತ್ತಿದ ಕಾಗದದ್ದು. ಡಬ್ಬದೊಳಗಿನ ಹಪ್ಪಳವೇ ಮೆತ್ತಗಾಗುವ ನಮ್ಮ ಥಂಡಿಯಲ್ಲಿ ಅರವತ್ತು ವರ್ಷದ ಕಾಗದ ತೇವ ಹೀರದೆ ಇರುತ್ತದೆಯೇ?

ಹುಬ್ಬಳ್ಳಿಯಿಂದ ತಂದ 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರಿಗೆ ಕೊಟ್ಟದ್ದು ಹದಿನೈದು ರೂಪಾಯಿ. ಬೆಸುಗೆ ಹಾಕಿದ ಮೇಲೆ ಕ್ಯಾಥೋಡಿನಲ್ಲಿ 8.3 ವೋಲ್ಟ್, ತಗಡು ಮತ್ತೆ ಕಪ್ಪು. ಉಳಿದ ಕಾಗದದ ಕಂಡೆನ್ಸರುಗಳನ್ನೂ ಅದೇ ವಾರ ಬದಲಿಸಿದೆ. ಒಂದು ಮಾತು: ಸ್ವಿಚ್ ಆರಿಸಿದ ಮೇಲೂ ಒಳಗೆ 250 ವೋಲ್ಟಿನಷ್ಟು ಕುಳಿತಿರಬಹುದು. ದೊಡ್ಡ ಕಂಡೆನ್ಸರನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿಕೊಂಡೇ ಕೈ ಹಾಕಬೇಕು.

ಈಗ ರಾತ್ರಿ ಊಟವಾದ ಮೇಲೆ, ಟೇಪಿನ ದನಿ ಓದುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸುತ್ತೇನೆ. ಹತ್ತಿಗೆ ಕಂದು ಪುಡಿ ಅಂಟುವುದು ನಿಲ್ಲುವವರೆಗೂ ಒರೆಸಬೇಕು. ಸ್ವಿಚ್ ಹಾಕಿ ಕಾಯುತ್ತೇನೆ. ಅರ್ಧ ನಿಮಿಷಕ್ಕೆ, ದನಿಯ ಮಟ್ಟ ತೋರಿಸುವ ಮ್ಯಾಜಿಕ್ ಐ ಎಂಬ ದೀಪ ಹಸಿರಾಗಿ ಅರಳುತ್ತದೆ. ಅಷ್ಟು ಹೊತ್ತಿಗೆ ಆಯಿ ಕಷಾಯ ತಂದಿಟ್ಟು, "ತಮಾ, ಶುರು ಆತಾ?" ಅಂತ ಕೇಳಿರುತ್ತಾಳೆ.

ಒಂದು ತಪ್ಪಂತೂ ಮಾಡಿದೆ. ತಾಳದ ನಾದ ಮಬ್ಬಾಗಿದೆ ಅನ್ನಿಸಿ ಹೆಡ್ಡಿನ ಓರೆ ಸರಿಪಡಿಸುವ ಸ್ಕ್ರೂ ತಿರುಗಿಸಿಬಿಟ್ಟೆ. ದೊಡ್ಡಪ್ಪ ಆ ತಾಳಮದ್ದಳೆಗಳನ್ನು ರೆಕಾರ್ಡ್ ಮಾಡಿದ್ದು ಇದೇ ಯಂತ್ರದಲ್ಲಿ. ಮುಟ್ಟುವ ಮುಂಚೆ ಸ್ಕ್ರೂ ಆ ಟೇಪುಗಳಿಗೆ ಹೊಂದಿಕೊಂಡೇ ಇತ್ತು. ಮಬ್ಬಿಗೆ ಕಾರಣ ಹೆಡ್ಡಿನ ಕೊಳೆ. ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ, ತಾಳ ಮತ್ತೆ ಖಣ್ ಅನ್ನುವ ಜಾಗ ಹುಡುಕಲು ಎರಡು ಸಂಜೆ ಹಿಡಿಯಿತು. ಈಗ ಅಲ್ಲಿ ಉಗುರುಬಣ್ಣದ ಕೆಂಪು ಚುಕ್ಕೆಯಿದೆ.

ಗುಂಯ್‌ಗುಡುವಿಕೆ ಇನ್ನೂ ಸ್ವಲ್ಪ ಇದೆ, ಮಳೆಗಾಲದಲ್ಲಿ ವೋಲ್ಟೇಜ್ ಇಳಿದಾಗ ದನಿಯೂ ಸೊರಗುತ್ತದೆ. ರಿಪೇರಿಗೆ ಒಟ್ಟು ಎರಡು ಸಾವಿರದೊಳಗೇ ಮುಗಿದಿದೆ. ಬೆಸುಗೆ ಬಾರದವರು ಕೊಳ್ಳುವುದು ಬೇಡ ಎಂದೇ ಹೇಳುತ್ತೇನೆ. ಹನ್ನೊಂದು ಟೇಪುಗಳಲ್ಲಿ ನಾಲ್ಕನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಉಳಿದ ಏಳಕ್ಕೆ ಬೂಸಲು ಹಿಡಿದಿದೆ, ಬಿಸಿಲು ಬಲಿತು ಥಂಡಿ ಆರುವವರೆಗೆ ಅವನ್ನು ಬಿಚ್ಚುವುದಿಲ್ಲ.