ಒಂದು ಕಂಠ, ಎರಡು ತಂಡ: ಜಾನಿಸ್ ಜಾಪ್ಲಿನ್ ಅವರ 'ಇನ್ ಕನ್ಸರ್ಟ್'

ಅಮೆರಿಕದ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಎಂದೊಡನೆ ನೆನಪಾಗುವುದು ವೇದಿಕೆಯ ಗಾಯನವೇ ಆದರೂ, ಅವರು ಬದುಕಿದ್ದಾಗ ಹೊರಬಂದ ಆಲ್ಬಂಗಳಲ್ಲಿ ಆ ಗಾಯನ ಸಿಗುವುದು ತೀರ ಕಡಿಮೆ. 1968ರ 'ಚೀಪ್ ಥ್ರಿಲ್ಸ್' ಕೇಳಿದವರಿಗೆ ಅದು ಇಡಿಯಾಗಿ ಸಭಿಕರ ಎದುರು ಹಾಡಿದ್ದು ಎಂದು ಅನ್ನಿಸುವುದು ಸಹಜ. ಆದರೆ ಅಲ್ಲಿನ ಜನರ ಗದ್ದಲ ಸ್ಟುಡಿಯೊದಲ್ಲಿ ಸೇರಿಸಿದ್ದು, ನಿಜವಾಗಿ ವೇದಿಕೆಯಿಂದ ಬಂದದ್ದು ಕೊನೆಯ 'ಬಾಲ್ ಅಂಡ್ ಚೈನ್' ಒಂದೇ. ಈ ಕೊರತೆಯನ್ನು ತುಂಬಿದ್ದು ಗಾಯಕಿ ತೀರಿಕೊಂಡ ಮೇಲೆ, 1972ರಲ್ಲಿ, ಕೊಲಂಬಿಯಾ ಸಂಸ್ಥೆ ಎರಡು ಎಲ್‌ಪಿ ತಟ್ಟೆಗಳಾಗಿ (ಗ್ರಾಮಫೋನ್ ರೆಕಾರ್ಡುಗಳಾಗಿ) ಹೊರತಂದ 'ಇನ್ ಕನ್ಸರ್ಟ್'. ಜಾಪ್ಲಿನ್ ಅರಚುತ್ತಿದ್ದರು, ಎದೆಯಲ್ಲಿದ್ದುದನ್ನೆಲ್ಲ ಹಿಡಿತವಿಲ್ಲದೆ ಹೊರಚೆಲ್ಲುತ್ತಿದ್ದರು ಎಂಬ ಮಾತನ್ನು ಹೊಗಳುವವರೂ ತೆಗಳುವವರೂ ಸಮಾನವಾಗಿ ಆಡುತ್ತಾರೆ. ಈ ಆಲ್ಬಂ ಅನ್ನು ಮನಸ್ಸಿಟ್ಟು ಕೇಳಿದವರಿಗೆ ಆ ಮಾತು ಒಪ್ಪಿಗೆಯಾಗುವುದು ಕಷ್ಟ.

ಮೊದಲ ತಟ್ಟೆಯಲ್ಲಿರುವುದು ಸ್ಯಾನ್ ಫ್ರಾನ್ಸಿಸ್ಕೊದ 'ಬಿಗ್ ಬ್ರದರ್ ಅಂಡ್ ದ ಹೋಲ್ಡಿಂಗ್ ಕಂಪನಿ' ತಂಡದೊಂದಿಗೆ ಹಾಡಿದ ಹಾಡುಗಳು. ಇವುಗಳಲ್ಲಿ ಹೆಚ್ಚಿನವು 1968ರವು, ಕೆಲವು ಮಾತ್ರ 1970ರ ಏಪ್ರಿಲ್‌ನಲ್ಲಿ ಹಳೆಯ ಗೆಳೆಯರೊಡನೆ ಮತ್ತೆ ಒಂದು ಸಂಜೆ ಸೇರಿ ಹಾಡಿದವು. ಸ್ಯಾಮ್ ಆ್ಯಂಡ್ರೂ ಮತ್ತು ಜೇಮ್ಸ್ ಗರ್ಲಿ ಅವರ ಗಿಟಾರುಗಳು ಇಲ್ಲಿ ಶ್ರುತಿಯ ಬಗ್ಗೆ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ, ಲಯವೂ ಆಗಾಗ ಓಡುತ್ತದೆ. ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ ಮೊದಲ ಹತ್ತು ನಿಮಿಷ ಮುಜುಗರವಾದರೆ ಆಶ್ಚರ್ಯವಿಲ್ಲ, ನನಗಂತೂ ಆಯಿತು. ಆದರೆ 'ಡೌನ್ ಆನ್ ಮಿ' ಹಾಡಿನಲ್ಲಿ ನಾಲ್ವರು ಗಂಡಸರ ಗದ್ದಲದ ನಡುವೆ ಜಾಪ್ಲಿನ್ ಅವರ ದನಿ ತನ್ನ ದಾರಿಯನ್ನು ತಾನೇ ಕೊರೆದುಕೊಂಡು ಹೋಗುವ ರೀತಿಯಲ್ಲಿ ಒಂದು ಹುರುಪಿದೆ, ನಾಳೆಯ ಚಿಂತೆಯಿಲ್ಲದ ವಯಸ್ಸಿನ ಹುರುಪು ಅದು. ಇಲ್ಲಿ ಆಕೆ ತಂಡದ ಜೊತೆಗೆ ಹಾಡುವುದಕ್ಕಿಂತ ತಂಡದ ಮೇಲೆ ಹಾಡುತ್ತಾರೆ, ವಾದ್ಯಗಳು ಜೋರಾದಷ್ಟೂ ತಾವೂ ಏರುತ್ತಾರೆ. ಇಳಿಯುವುದಕ್ಕೆ ಜಾಗವೇ ಇಲ್ಲ.

ಎರಡನೆಯ ತಟ್ಟೆ ಈ ಸಂಗ್ರಹದ ನಿಜವಾದ ಬೆಲೆ. 1970ರ ಬೇಸಿಗೆಯಲ್ಲಿ ಗ್ರೇಟ್‌ಫುಲ್ ಡೆಡ್, ದ ಬ್ಯಾಂಡ್ ಎಂಬ ರಾಕ್ ತಂಡಗಳು, ಬ್ಲೂಸ್ ಗಿಟಾರ್ ವಾದಕ ಬಡಿ ಗೈ ಮೊದಲಾದವರೊಡನೆ ಜಾಪ್ಲಿನ್ ಕೆನಡಾದಲ್ಲಿ ಒಂದು ವಿಶೇಷ ರೈಲಿನಲ್ಲಿ ಟೊರಾಂಟೊದಿಂದ ವಿನಿಪೆಗ್ ಮಾರ್ಗವಾಗಿ ಕ್ಯಾಲ್ಗರಿಯವರೆಗೆ ಊರೂರು ಹಾಡುತ್ತ ಸಾಗಿದರು. ಆ ಪ್ರವಾಸದ ಕಾರ್ಯಕ್ರಮಗಳಿಂದ ಆಯ್ದ ಹಾಡುಗಳು ಇಲ್ಲಿವೆ. ಜೊತೆಗಿದ್ದ 'ಫುಲ್ ಟಿಲ್ಟ್ ಬೂಗಿ' ತಂಡದಲ್ಲಿ ಪಿಯಾನೊಗೆ ರಿಚರ್ಡ್ ಬೆಲ್, ಆರ್ಗನ್‌ಗೆ ಕೆನ್ ಪಿಯರ್ಸನ್, ಗಿಟಾರಿಗೆ ಜಾನ್ ಟಿಲ್ ಇದ್ದರು. ಹಿಂದಿನ ವರ್ಷದ ತಂಡದಲ್ಲಿದ್ದ ಕಹಳೆ, ಸ್ಯಾಕ್ಸೊಫೋನುಗಳು ಇರಲಿಲ್ಲ. ಈ ಒಂದು ಬದಲಾವಣೆಯ ಫಲವನ್ನು 'ಕಾಜ್ಮಿಕ್ ಬ್ಲೂಸ್' ಹಾಡಿನಲ್ಲಿ ನೇರವಾಗಿ ಕೇಳಬಹುದು. 1969ರ ಸ್ಟುಡಿಯೊ ಆವೃತ್ತಿಯಲ್ಲಿ ಗಾಳಿವಾದ್ಯಗಳು ತುಂಬಿಕೊಂಡಿದ್ದ ಎಡೆಗಳೆಲ್ಲ ಇಲ್ಲಿ ಖಾಲಿಯಾಗಿವೆ, ಆ ಖಾಲಿ ಎಡೆಗಳಲ್ಲಿ ಜಾಪ್ಲಿನ್ ದನಿಯನ್ನು ಪಿಸುಮಾತಿನವರೆಗೂ ಇಳಿಸುತ್ತಾರೆ, ಒಂದು ಸೊಲ್ಲನ್ನು ಅರ್ಧಕ್ಕೆ ತಡೆದು ನಿಲ್ಲಿಸುತ್ತಾರೆ, ಕೇಳುಗ ಕಾಯುವಷ್ಟು ಹೊತ್ತು ಕಾಯಿಸಿ ಆಮೇಲೆ ತಾರಸ್ಥಾಯಿಗೆ ಹೋಗುತ್ತಾರೆ. ಆಕೆಯ ಕಂಠ ಒಡೆಯುವುದು ನಿಜ, ಆದರೆ ಎಲ್ಲಿ ಒಡೆಯಬೇಕು ಎಂಬುದನ್ನು ಆಕೆಯೇ ಗೊತ್ತುಮಾಡುತ್ತಾರೆ.

ಅನುಮಾನವಿದ್ದವರು 'ಬಾಲ್ ಅಂಡ್ ಚೈನ್' ಹಾಡಿನ ಮೂರು ರೂಪಗಳನ್ನು ಒಂದರ ನಂತರ ಒಂದು ಕೇಳಬೇಕು. ಇದು ಬ್ಲೂಸ್ ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಅವರ ರಚನೆ. ಅವರಿಂದಲೇ ಅನುಮತಿ ಪಡೆದು ಜಾಪ್ಲಿನ್ ಮತ್ತು ತಂಡದವರು ಅದನ್ನು ತಮ್ಮದಾಗಿಸಿಕೊಂಡರು. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತ ಉತ್ಸವದಲ್ಲಿ ಹಾಡಿದ್ದನ್ನು ಚಿತ್ರೀಕರಣದಲ್ಲಿ ನೋಡಬಹುದು: ಕಾಲು ನೆಲಕ್ಕೆ ಬಡಿಯುತ್ತ, ಮೈಯೆಲ್ಲ ಬಿಗಿಹಿಡಿದು ಹಾಡುವ ಗಾಯಕಿ, ಎದುರಿಗೆ ಸಭಿಕರ ನಡುವೆ ಬಾಯಿ ತೆರೆದು ಕುಳಿತ ಇನ್ನೊಬ್ಬ ಗಾಯಕಿ ಕ್ಯಾಸ್ ಎಲಿಯಟ್. ಎರಡನೆಯದು 'ಚೀಪ್ ಥ್ರಿಲ್ಸ್'ನ ಒಂಬತ್ತು ನಿಮಿಷಕ್ಕೂ ಮೀರಿದ ಆವೃತ್ತಿ, ಗಿಟಾರಿನ ಅಬ್ಬರವೇ ಹೆಚ್ಚು. ಮೂರನೆಯದು 1970ರ ಜುಲೈ 4ರಂದು ಕ್ಯಾಲ್ಗರಿಯಲ್ಲಿ ಹಾಡಿದ್ದು, ಈ ಆಲ್ಬಮ್ಮಿನ ಕೊನೆಯ ಹಾಡು. ಇಲ್ಲಿ ಕೊನೆಯ ಭಾಗದಲ್ಲಿ ವಾದ್ಯಗಳನ್ನು ಹಿಂದಕ್ಕೆ ಸರಿಸಿ ಜಾಪ್ಲಿನ್ ಜನರೊಡನೆ ಮಾತಿಗಿಳಿಯುತ್ತಾರೆ: ನಾಳೆ ಎಂಬುದು ಬರುವುದೇ ಇಲ್ಲ, ಇರುವುದೆಲ್ಲ ಒಂದೇ ದಿನ, ಇದು ನಮಗೆ ರೈಲಿನಲ್ಲಿ ತಿಳಿಯಿತು ಎಂಬ ಅರ್ಥದ ಮಾತು. ಮಾತು ಯಾವ ಗಳಿಗೆಯಲ್ಲಿ ಹಾಡಾಗಿ ತಿರುಗುತ್ತದೆ ಎಂಬುದನ್ನು ನಾನು ಎಷ್ಟು ಸಲ ಕೇಳಿದರೂ ಗುರುತಿಸಲಾಗಿಲ್ಲ. ಮೂರು ವರ್ಷಗಳಲ್ಲಿ ಹಾಡಿನ ಬಿಸಿ ಆರಿಲ್ಲ, ಅದನ್ನು ಹಿಡಿದ ಕೈ ಮಾತ್ರ ಪಳಗಿದೆ. ಆ ವರ್ಷದ ಅಕ್ಟೋಬರ್ 4ರಂದು, 27ನೆಯ ವಯಸ್ಸಿನಲ್ಲಿ, ಜಾಪ್ಲಿನ್ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು ಎಂಬುದನ್ನು ಮರೆತು ಈ ಹಾಡನ್ನು ಕೇಳುವುದು ಒಳ್ಳೆಯದು, ಆದರೆ ಸಾಧ್ಯವಾಗುವುದಿಲ್ಲ.

ದೂರುಗಳೂ ಇವೆ. ಬೇರೆ ಬೇರೆ ಊರು, ಬೇರೆ ಬೇರೆ ರಾತ್ರಿಗಳ ಹಾಡುಗಳನ್ನು ಹೊಲಿದು ಮಾಡಿದ ಸಂಗ್ರಹವಾದ್ದರಿಂದ ಒಂದೇ ಕಾರ್ಯಕ್ರಮ ನಿಧಾನವಾಗಿ ಕಾವೇರುತ್ತ ಹೋಗುವ ಸುಖ ಇಲ್ಲಿಲ್ಲ. ಅದು ಬೇಕೆನ್ನುವವರಿಗೆ 1998ರಲ್ಲಿ ಬಂದ 'ಲೈವ್ ಅಟ್ ವಿಂಟರ್‌ಲ್ಯಾಂಡ್ '68' ಹೆಚ್ಚು ಒಪ್ಪುತ್ತದೆ. 1969ರ ಗಾಳಿವಾದ್ಯಗಳ ತಂಡಕ್ಕೆ ಇಲ್ಲಿ ಜಾಗವೇ ಸಿಕ್ಕಿಲ್ಲ. ಅದೇ ತಂಡದೊಡನೆ ಜಾಪ್ಲಿನ್ ಆ ವರ್ಷದ ವುಡ್‌ಸ್ಟಾಕ್ ಸಂಗೀತ ಉತ್ಸವದಲ್ಲಿ ಗಂಟೆಗಟ್ಟಲೆ ಕಾದು, ನಡುರಾತ್ರಿ ಕಳೆದ ಮೇಲೆ ವೇದಿಕೆ ಹತ್ತಿದರು. ಆ ಗಾಯನ ಉತ್ಸವದ ಮೊದಲ ಚಲನಚಿತ್ರದಲ್ಲಿ ಸೇರಲಿಲ್ಲ. 2009ರಲ್ಲಿ ಅದು ಪೂರ್ತಿಯಾಗಿ ಹೊರಬಂದಿದೆ. ದಣಿದ ದನಿಯಾದರೂ ಕೇಳಬಾರದಷ್ಟು ಕೆಟ್ಟದ್ದೇನಲ್ಲ, ಆದರೆ ಮೊದಲು ಕೊಳ್ಳಬೇಕಾದದ್ದು ಅದಲ್ಲ.

'ಇನ್ ಕನ್ಸರ್ಟ್' ಈಗ ಅಂತರ್ಜಾಲದ ಸಂಗೀತ ತಾಣಗಳಲ್ಲಿಯೂ ಸಿಗುತ್ತದೆ. ಹೊಸಬರು ಕ್ರಮವನ್ನು ಮುರಿದು ಎರಡನೆಯ ತಟ್ಟೆಯ ಹಾಡುಗಳಿಂದ ಆರಂಭಿಸಬೇಕೆಂಬುದು ನನ್ನ ಸಲಹೆ. 'ಗೆಟ್ ಇಟ್ ವೈಲ್ ಯೂ ಕ್ಯಾನ್' ಮತ್ತು 'ಬಾಲ್ ಅಂಡ್ ಚೈನ್' ಎರಡನ್ನೂ ನಡುವೆ ನಿಲ್ಲಿಸದೆ ಕೇಳಿ, ಸ್ವಲ್ಪ ಬಿಡುವು ಕೊಟ್ಟು, ಆಮೇಲೆ 1968ರ ಗಲಾಟೆಗೆ ಹಿಂದಿರುಗಿದರೆ ಮೊದಲಿನ ಮುಜುಗರ ಬಹುಮಟ್ಟಿಗೆ ಕಡಿಮೆಯಾಗಿರುತ್ತದೆ.